ಸಿಡಿಲಕ್ಕನನ್ನು ಕರೆಯಲು ಹೋದವರು

ಗಂಡನ ಹೆಸರನ್ನು ನಾನು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮಲ್ಲಿ ಹೇಳುವುದಿಲ್ಲ. ಬರೆಯಬಾರದು ಎಂದು ಮಾತ್ರ ಯಾರೂ ಹೇಳಿಲ್ಲ. ಅವರ ಹೆಸರು ಚಂದ್ರಾಮಪ್ಪ. ಜೇವರ್ಗಿ ತಾಲೂಕಿನ ಕೊಳಕೂರ ಅವರ ಊರು. ಹೋದ ವರ್ಷ, ತೊಂಬತ್ತೈದರಲ್ಲಿ, ತೀರಿಕೊಂಡರು. ಚಿತ್ರಕಥೆ ಪುಸ್ತಕ ಮಾರುತ್ತಿದ್ದರು. ಮಕ್ಕಳು ಕಾಮಿಕ್ಸ್ ಅನ್ನುತ್ತಾರಲ್ಲ, ಅದು.

ನಮ್ಮ ಅಪ್ಪನಿಗೆ ಹುಡುಗ ಪುಸ್ತಕದ ವ್ಯಾಪಾರಿ ಎಂದು ಹೇಳಿದ್ದರು. ಅಪ್ಪ ಷಟರ್ ಇರುವ ಅಂಗಡಿ ಎಂದುಕೊಂಡ. ನಾನೂ ಅದನ್ನೇ ನಂಬಿ ಬಂದೆ. ಲಗ್ನವಾಗಿ ಜೇವರ್ಗಿಗೆ ಬಂದ ಮೇಲೆ ಅಂಗಡಿ ತೋರಿಸಿ ಎಂದೆ. ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಅಲ್ಲಿ ಒಂದು ಬೇವಿನ ಮರ ಇತ್ತು. ಆಚೆ ಚಹಾದಂಗಡಿಯ ಕಂಬ. ಎರಡರ ನಡುವೆ ಒಂದು ಹಗ್ಗ.

"ಅಂಗಡಿ ಎಲ್ಲದರಿ?" ಎಂದೆ.

"ಇದ."

"ಇದು ಹಗ್ಗರಿ."

"ಹಗ್ಗದ ಮ್ಯಾಲ ಏನದ ಅದನ್ನ ನೋಡಬೇ."

ಹಗ್ಗದ ಮೇಲೆ ಪುಸ್ತಕಗಳು ಬಟ್ಟೆ ಒಣಹಾಕಿದ ಹಾಗೆ ನೇತಾಡುತ್ತಿದ್ದವು. ಬಿದಿರು ಸೀಳಿ ಅವರೇ ಮಾಡಿದ ಚಿಮಟಿಗೆಗಳಲ್ಲಿ ಸಿಕ್ಕಿಸಿದ್ದರು. ನನಗೆ ಅಳು ಬಂತು. ಅವರು ಅದನ್ನು ಸಂತೋಷ ಎಂದುಕೊಂಡರು.

ಕೊಳಕೂರದಲ್ಲಿ ಹೊಲ ಇತ್ತು. ಅಣ್ಣ ಬಸವಂತರಾಯ ನೋಡಿಕೊಳ್ಳುತ್ತಿದ್ದ. ಇವರಿಗೆ ಹೊಲ ಹಿಡಿಸಲಿಲ್ಲ. ಚಿಕ್ಕಂದಿನಿಂದಲೂ ಎತ್ತಿನ ಹಿಂದೆ ನಡೆಯುವಾಗ ಬೆಂಕಿಪೆಟ್ಟಿಗೆಯ ಮೇಲಿನ ಚಿತ್ರ ನೋಡುತ್ತ ನಡೆಯುವವರು. ಸಾಲು ಸೊಟ್ಟ. ಬಸವಂತರಾಯ ಜೇವರ್ಗಿಗೆ ಬಂದಾಗೆಲ್ಲ ಚಹಾದಂಗಡಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ, "ಊರ ಮಂದಿ ಹಗ್ಗದ ಮ್ಯಾಲ ಅರಿವಿ ಒಣಗಸ್ತಾರ. ನಮ್ಮ ತಮ್ಮ ಹೊಟ್ಟಿ ಒಣಗಸ್ತಾನ" ಎನ್ನುತ್ತಿದ್ದ. ಇವರು ನಗುತ್ತಿದ್ದರು. ಬೈದರೆ ನಗುವುದು ಅವರ ಚಾಳಿ. ನನಗೆ ಅದು ಸೇರುತ್ತಿರಲಿಲ್ಲ.

ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ತಗಡಿನ ಟ್ರಂಕನ್ನು ಸೈಕಲ್ಲಿಗೆ ಕಟ್ಟಿ ಹೊರಡುವರು. ಸಂತೆಯ ದಿನ ಆಳಂದಕ್ಕೋ ಅಫಜಲಪುರಕ್ಕೋ ಬಸ್ಸಿನಲ್ಲಿ ಹೋಗುವರು. ಅಲ್ಲಿಯೂ ಹಗ್ಗವೇ. ಎರಡು ಗೂಟ ಸಿಕ್ಕರೆ ಸಾಕು. ಉಪ್ಪು ತನ್ನಿ ಎಂದರೆ ಮರೆಯುವರು. ಸೀಮೆಎಣ್ಣೆಯ ಸರದಿ ಮರೆಯುವರು. ಯಾವ ಪುಸ್ತಕದಲ್ಲಿ ಕಳ್ಳ ಯಾವ ಕಿಟಕಿಯಿಂದ ಹಾರಿದ ಎಂಬುದನ್ನು ಮಾತ್ರ ಮರೆಯುತ್ತಿರಲಿಲ್ಲ. ಗಿರಾಕಿ ಬೆರಳಿಗೆ ಉಗುಳು ಹಚ್ಚಿ ಹಾಳೆ ತಿರುವಿದರೆ ಪುಸ್ತಕ ಕಸಿದುಕೊಳ್ಳುವರು. ಇಂಥವರ ಜೊತೆ ಬಾಳ್ವೆ ಮಾಡಿದೆ.

ಆಗ ನಡೆಯುತ್ತಿದ್ದ ಪುಸ್ತಕ 'ಹುಲಿಮುಷ್ಟಿ'. ಅದರಲ್ಲಿ ಒಬ್ಬ ದಾಂಡಿಗ ಗೋಡೆಗೆ ಗುದ್ದಿ ಒಡೆಯುತ್ತಾನೆ. ಬೇರೆ ಕೆಲಸ ಅವನಿಗಿಲ್ಲ. ಹುಡುಗರು ಅದಕ್ಕೆ ಮುಗಿಬೀಳುತ್ತಿದ್ದರು. ಪುಸ್ತಕ ಕೊಡುತ್ತಿದ್ದವನು ಗುಲಬರ್ಗಾದ ಏಜೆಂಟ್ ಹುಸೇನಪೀರ. ಅವನು ಒಂದು ಕರಾರು ಹಾಕಿದ್ದ. ಹುಲಿಮುಷ್ಟಿಯ ಕಟ್ಟು ಬೇಕಾದರೆ ಜೊತೆಗೆ ಇನ್ನೊಂದು ಪುಸ್ತಕವನ್ನೂ ಒಯ್ಯಬೇಕು.

ಆ ಇನ್ನೊಂದು ಪುಸ್ತಕ 'ಸಿಡಿಲಕ್ಕ'.

ಬಿಳಿ ಕುದುರೆಯ ಮೇಲೆ ಒಬ್ಬ ಹೆಣ್ಣುಮಗಳು. ಕಚ್ಚೆ ಹಾಕಿದ ಸೀರೆ, ಕೈಯಲ್ಲಿ ಬಾರುಕೋಲು. ಹುಟ್ಟಿದ ಕೂಸನ್ನು ಮಳೆಯಲ್ಲಿ ಆಲದ ಮರದ ಕೆಳಗೆ ಬಿಟ್ಟು ಹೋಗಿರುತ್ತಾರೆ. ಕಂಬಾರರ ಮುದುಕನೊಬ್ಬ ಸಾಕುತ್ತಾನೆ. ಅವನು ಸತ್ತ ಮೇಲೆ ಕುದುರೆ ಹತ್ತಿ ಊರೂರು ತಿರುಗುತ್ತಾಳೆ. ಹೆಣ್ಣುಮಕ್ಕಳನ್ನು ಕಾಡಿದವರನ್ನು ಹುಡುಕಿ ಹೊಡೆಯುತ್ತಾಳೆ. ಹುಬ್ಬಳ್ಳಿಯ ಒಂದು ಛಾಪಖಾನೆ ಅದನ್ನು ತಿಂಗಳಿಗೊಂದರಂತೆ ಹಾಕುತ್ತಿತ್ತು. ಹಗ್ಗದ ತುದಿಯಲ್ಲಿ ಬಿಸಿಲಿಗೆ ಸುಟ್ಟು ಅದರ ಬಣ್ಣ ಹೋಗುತ್ತಿತ್ತು. ಯಾರೂ ಮುಟ್ಟುತ್ತಿರಲಿಲ್ಲ.

ಒಮ್ಮೆ ನಾನು ಬುತ್ತಿ ಒಯ್ದಾಗ ಇವರು ಒಬ್ಬ ಹುಡುಗನಿಗೆ ಅದನ್ನು ಕೊಡಲು ನೋಡುತ್ತಿದ್ದರು.

"ಓದಿ ನೋಡಲೇ, ಭಾಳ ಚೊಲೋ ಅದ."

"ಬ್ಯಾಡ್ರಿ ಕಾಕಾ. ಹೆಂಗಸಿನ ಪುಸ್ತಕ ಓದಿದ್ರ ಸಾಲ್ಯಾಗ ನನಗ ಸೀರಿ ಉಡಸ್ತಾರ."

ಹುಡುಗರ ಮಾತು ಅದು. ಇವರೂ ಅದನ್ನೇ ನಂಬಿದ್ದರು. ಗಂಡುಹುಡುಗರು ಓದದ ಪುಸ್ತಕ ಓಡುವುದಿಲ್ಲ ಎಂದು ಹಣೆಬರಹ ಮಾಡಿಕೊಂಡಿದ್ದರು. ಬಸ್ ನಿಲ್ದಾಣದ ಹಗ್ಗದ ಹತ್ತಿರ ಹೆಣ್ಣುಮಕ್ಕಳು ನಿಂತದ್ದನ್ನು ಅವರು ಕಂಡೇ ಇರಲಿಲ್ಲ. ಯಾರು ನಿಲ್ಲುತ್ತಾರೆ? ಮೂರನೆಯ ಇಯತ್ತೆ ಓದಿದ ನಾನೇ ನಿಲ್ಲುತ್ತಿರಲಿಲ್ಲ. ಬುತ್ತಿ ಕೊಟ್ಟು ಸೆರಗು ಎಳೆದುಕೊಂಡು ಬರುತ್ತಿದ್ದೆ.

ಆಳಂದದ ಸಂತೆಯಲ್ಲಿ ಇವರ ಹಗ್ಗದ ಪಕ್ಕ ವಜೀರುನ್ನಿಸಾ ಕೂಡುತ್ತಿದ್ದಳು. ಬಳೆಗಾರ್ತಿ. ಸಂತೆ ಇಲ್ಲದ ದಿನ ಬುಟ್ಟಿ ಹೊತ್ತು ಹಳ್ಳಿ ತಿರುಗುವವಳು. ಬಾಯಿ ಜೋರು, ಕೈ ಮೆತ್ತಗೆ. ಬಳೆ ಸುತ್ತಿ ಕೊಡಲು ಅವಳಿಗೆ ಕಾಗದ ಬೇಕಾಗುತ್ತಿತ್ತು. ಒಂದು ಸಂತೆಯಲ್ಲಿ ಇವರನ್ನು ಕೇಳಿದಳು.

"ಭಾಯಿ, ರದ್ದಿ ಏನಾರ ಅದೇನ್ರಿ?"

ಇವರು ಬಣ್ಣ ಹೋದ ಸಿಡಿಲಕ್ಕನ ಕಟ್ಟನ್ನೇ ಎತ್ತಿಕೊಟ್ಟರು. ಅವಳು ಹಾಳೆ ಹರಿದು ಬಳೆ ಸುತ್ತಿ ಸರಸಂಬಾದಲ್ಲಿ ಮನೆಮನೆಗೆ ಕೊಟ್ಟಳು.

ಮುಂದಿನ ಸಂತೆಗೆ ಬಂದವಳು ಬುಟ್ಟಿ ಇಳಿಸುವ ಮೊದಲೇ ಇವರ ಮೇಲೆ ಹರಿಹಾಯ್ದಳು.

"ಏನ್ ಕೊಟ್ಟ್ರಿ ಭಾಯಿ ನನಗ? ಸರಸಂಬಾದಾಗ ಜಗಳ ಹತ್ತ್ಯಾದ!"

"ಯಾಕವ್ವಾ?"

"ಗೌಡ್ರ ಮನಿ ಸೊಸಿಗಿ ಕುದುರಿ ಹತ್ತೂ ಹಾಳಿ ಹೋಗ್ಯಾದ. ಕುದುರಿ ಎಲ್ಲಿ ಹೋತು ಅನ್ನೂ ಹಾಳಿ ತೆಳಗಿನ ಓಣಿ ಹಣಮವ್ವನ ಮನ್ಯಾಗ ಅದ. ಆಕಿ ಕೊಡವಲ್ಲು, ಈಕಿ ಬಿಡವಲ್ಲು. ಬಳಿ ಹಾಕಿಸ್ಕೊಳ್ಳೂದ ಬಿಟ್ಟು ಎಲ್ಲಾರೂ ಹಾಳಿ ಕೂಡಸಾಕತ್ತಾರ. ನಡುವಿನ ಹಾಳಿ ಒಂದು ಯಾರಿಗೂ ಸಿಗವಲ್ದು. ಅದು ನನ್ನ ಬುಟ್ಟ್ಯಾಗ ಅದ ಅಂತ ನನ್ನ ಬುಟ್ಟಿ ಕೆಳಗ ಮ್ಯಾಲ ಮಾಡಿದ್ರು!"

ಇವರು ಮತ್ತೆ ನಕ್ಕರು. ಆದರೆ ಆ ಸಂಜೆ ಮನೆಗೆ ಬಂದವರು ಹಗ್ಗದ ಸುರುಳಿ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಏನಾಯಿತು ಎಂದೆ.

"ನಾ ಇಷ್ಟ ದಿನ ಹಗ್ಗ ತಪ್ಪ ಜಾಗಾದಾಗ ಕಟ್ಟೇನಿ," ಎಂದರು.

ಅಲ್ಲಿಂದ ಸಿಡಿಲಕ್ಕ ಬಳೆಯ ಬುಟ್ಟಿಯಲ್ಲಿ ಹೋಗತೊಡಗಿದಳು. ಹರಿಯದೆ, ಇಡಿಯಾಗಿ. ಬಳೆಗಾರ್ತಿ ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತಾಳೆ. ಗಂಡಸರು ಅಲ್ಲಿಂದ ಎದ್ದು ಹೋಗುತ್ತಾರೆ. ಓಣಿಯ ಹೆಣ್ಣುಮಕ್ಕಳೆಲ್ಲ ಕೂಡುತ್ತಾರೆ. ಒಬ್ಬಳ ಕೈ ವಜೀರುನ್ನಿಸಾಳ ಕೈಯಲ್ಲಿದ್ದರೆ ಉಳಿದವರ ಕೈಯಲ್ಲಿ ಪುಸ್ತಕ. ಸಾಲೆಗೆ ಹೋಗುವ ಹುಡುಗಿಯೊಬ್ಬಳು ಓದುವಳು. ಬಳೆ ಏರಿಸುವಾಗ ನೋವಾದರೆ 'ಹಾ' ಎನ್ನುವುದನ್ನೂ ಮರೆಯುತ್ತಾರೆ ಎಂದು ವಜೀರುನ್ನಿಸಾ ಹೇಳುತ್ತಿದ್ದಳು. ಅಫಜಲಪುರದ ಕಡೆಯ ಬಳೆಗಾರ್ತಿಯರಿಗೂ ಅವಳೇ ಹೇಳಿ ಗೊತ್ತುಮಾಡಿದಳು. ಎಲ್ಲರೂ ಅವಳ ಬೀಗರು ಬಿಜ್ಜರು.

ಮಾರಾಟದ ಹಂಗಾಮು ಬೇರೆಯಾಯಿತು. ಹುಲಿಮುಷ್ಟಿ ಪರೀಕ್ಷೆ ಮುಗಿದಾಗ ಹೋಗುತ್ತಿದ್ದ. ಸಿಡಿಲಕ್ಕ ಶ್ರಾವಣದಲ್ಲಿ ಹೋಗುತ್ತಿದ್ದಳು. ನಾಗರ ಪಂಚಮಿಗೆ ಗಂಡನ ಮನೆಯಿಂದ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ತಿರುಗಿ ಹೋಗುವಾಗ ಉಂಡಿ, ಹುರಿದ ಜೋಳದ ಅಳ್ಳಿನ ಗಂಟಿನಲ್ಲಿ ಪುಸ್ತಕವನ್ನೂ ಕಟ್ಟಿಕೊಂಡು ಹೋಗುವರು. ಗಂಡನ ಮನೆಯ ಊರಲ್ಲಿ ಅದು ಹತ್ತು ಕೈ ತಿರುಗುವುದು. ಆ ಊರಿನವರು ತಮ್ಮ ಬಳೆಗಾರ್ತಿಯನ್ನು ಕೇಳುವರು. ಹೀಗೆ ಬೆಳೆಯಿತು.

ಅದೇ ಹೊತ್ತಿಗೆ ಆಳಂದದಲ್ಲಿ ವಿಡಿಯೋ ಬಂತು. ಹುಡುಗರು ಕತ್ತಲ ಕೋಣೆಯಲ್ಲಿ ಕೂತು ನಿಜವಾಗಿ ಸದ್ದು ಬರುವ ಗುದ್ದು ನೋಡತೊಡಗಿದರು. ಕಾಗದದ ಹುಲಿಮುಷ್ಟಿ ಸಪ್ಪಗಾದ. ಈಗ ಅವನು ಹಗ್ಗದ ತುದಿಗೆ ಹೋದ. ನಮ್ಮ ಒಲೆ ಉರಿಯುತ್ತಿದ್ದದ್ದು ಸಿಡಿಲಕ್ಕನಿಂದ. ಇದನ್ನು ನಾನು ಮುಚ್ಚಿಡುವುದಿಲ್ಲ.

ನಾನೂ ಓದುತ್ತಿದ್ದೆ. ಕಟ್ಟು ಬಂದ ದಿನ ಮೊದಲ ಪುಸ್ತಕ ನನಗೆ. ನಿಧಾನಕ್ಕೆ, ಬೆರಳಿಟ್ಟು. ನನ್ನ ಅವ್ವ ಮೊದಲೇ ಇರಲಿಲ್ಲ. ಲಗ್ನದ ಮರುವರ್ಷ ಅಪ್ಪನೂ ಹೋದ. ಅಣ್ಣತಮ್ಮಂದಿರಿಲ್ಲ. ಪಂಚಮಿಗೆ ನನ್ನನ್ನು ಕರೆಯಲು ಯಾರೂ ಬರುವವರಿರಲಿಲ್ಲ. ಓಣಿ ಖಾಲಿಯಾಗುತ್ತಿತ್ತು. ಇವರು ಆ ದಿನ ಹಗ್ಗ ಕಟ್ಟುತ್ತಿರಲಿಲ್ಲ. ಮನೆಯಲ್ಲಿ ಕೂತು ದನಿ ಬದಲಿಸಿ ಬದಲಿಸಿ ಸಿಡಿಲಕ್ಕನ ಕತೆ ಓದುತ್ತಿದ್ದರು. ಕುದುರೆಯ ದನಿಯನ್ನೂ ಮಾಡುವರು. ಮಕ್ಕಳಾಗಲಿಲ್ಲ ನಮಗೆ. ಆ ಮಾತು ಇಲ್ಲಿ ಬೇಡ.

ಎಂಬತ್ತೈದರ ಬೇಸಿಗೆಯಲ್ಲಿ ಸಿಡಿಲಕ್ಕನ ಲಗ್ನವಾಯಿತು.

ಕಟ್ಟು ಬಿಚ್ಚಿದರೆ ಮುಖಪುಟದಲ್ಲಿ ಬಾಸಿಂಗ. ಒಬ್ಬ ಜಹಗೀರದಾರನ ಮಗನನ್ನು ಕಟ್ಟಿಕೊಂಡಿದ್ದಳು. ಕೊನೆಯ ಹಾಳೆಯಲ್ಲಿ ದೊಡ್ಡ ವಾಡೆಯ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದಳು. ಬಾರುಕೋಲು ಗೋಡೆಯ ಗೂಟಕ್ಕೆ. ಕೆಳಗೆ 'ಮುಕ್ತಾಯ' ಎಂದು ಬರೆದಿತ್ತು. ಅದರ ಮುಂದಿನ ತಿಂಗಳು ಬಂದ ಪುಸ್ತಕದ ಹೆಸರು 'ಸಿಡಿಲರಾಯ'. ಅದೇ ಬಿಳಿ ಕುದುರೆ. ಮೇಲೆ ಅವಳ ಗಂಡ.

ಬಳೆಗಾರ್ತಿಯರ ಬುಟ್ಟಿಯಿಂದ ಸಿಡಿಲರಾಯ ಹಾಗೇ ತಿರುಗಿ ಬಂದ. ಒಂದೂ ಹೋಗಲಿಲ್ಲ. ಕಾರಹುಣ್ಣಿಮೆ ಕಳೆದಿತ್ತು. ಅಫಜಲಪುರದ ಬಳೆಗಾರ್ತಿ, "ಅತನೂರಿನ ನಿಂಬೆವ್ವ ನಿಮ್ಮನ್ನ ಕರದಾಳ. ಬರದಿದ್ರ ತಾನ ಬರ್ತಾಳಂತ" ಎಂದು ಹೇಳಿ ಕಳಿಸಿದಳು.

ನಿಂಬೆವ್ವ ಒಕ್ಕಲುತನದ ಮನೆಯ ಮುದುಕಿ. ಓದು ಬರುವುದಿಲ್ಲ. ಸೊಸೆ ಶಿವಕಾಂತಾಳಿಂದ ಓದಿಸಿ ಕೇಳುವವಳು. ಅವಳ ಪಡಸಾಲೆಯಲ್ಲಿಯೇ ಅತನೂರಿನ ಹೆಂಗಸರೆಲ್ಲ ಕತೆಗೆ ಕೂಡುತ್ತಿದ್ದದ್ದು. ಇವರು ಹೋದರು. ಹೊರಡುವಾಗ ನಾನೂ ಬರುತ್ತೇನೆ ಎಂದೆ. ಹೋದೆ. ಆದ್ದರಿಂದ ಅಲ್ಲಿ ಆದದ್ದು ನನ್ನ ಕಣ್ಣಿಂದ ಕಂಡದ್ದು.

ಪಡಸಾಲೆ ತುಂಬ ಹೆಂಗಸರು. ನಿಂಬೆವ್ವ ನಡುವೆ ಕೂತಿದ್ದಳು. ಎದುರಿಗೆ ಲಗ್ನದ ಪುಸ್ತಕ.

"ಬಾರಪಾ. ಈ ಹುಡುಗಿನ್ನ ಯಾಂವ ಕೊಟ್ಟ ಈ ಮನಿಗಿ? ನೋಡಿ ಕೇಳಿ ಕೊಡಬೇಕಿಲ್ಲೇನು?"

"ನನಗೇನ ಗೊತ್ತವ್ವಾ. ಹುಬ್ಬಳ್ಳ್ಯಾಗ ಬರಿತಾರ, ಚಿತ್ರ ತಗಿತಾರ..."

"ಅದು ನನಗ ಗೊತ್ತದ. ನಾ ಏನ್ ಹುಚ್ಚಿ ಅಲ್ಲ. ಲಗ್ನ ಆತು, ಆಗಲಿ. ನಾವೆಲ್ಲಾ ಲಗ್ನ ಆದವ್ರ. ಪಂಚಮಿ ಬಂತಲ್ಲ, ಈಕಿನ್ನ ಕರಿಯಾಕ ಯಾರ್ ಹೋಗ್ಯಾರ?"

"ಆಕಿಗಿ ತವರಮನಿ ಇಲ್ಲವ್ವಾ. ಕತ್ಯಾಗ ಹಂಗದ."

ಮೂಲೆಯಿಂದ ಶಿವಕಾಂತಾ ಮೆಲ್ಲಗೆ, "ಅದಕ್ಕ ನೋಡ್ರಿ ಆ ಮನಿಯವ್ರು ಬಾರಕೋಲ ಕಸ್ಕೊಂಡಿದ್ದು. ಕೇಳಾವ್ರ ಯಾರೂ ಇಲ್ಲ ಅಂತ" ಎಂದಳು.

ಶಿವಕಾಂತಾ ಪುಸ್ತಕದ ಮಾತಷ್ಟೇ ಆಡಿದಳೋ ಇಲ್ಲವೋ, ಅಲ್ಲಿದ್ದ ಹೆಂಗಸರಿಗೆ ಗೊತ್ತು. ನನಗೂ ಗೊತ್ತಾಯಿತು.

ನಿಂಬೆವ್ವ ಇವರ ಕಡೆಗೆ ಬೆರಳು ಮಾಡಿದಳು.

"ಇಷ್ಟ ವರ್ಷ ಆಕಿ ಕುದುರಿ ಮ್ಯಾಲ ನಿನ್ನ ರೊಟ್ಟಿ ಬಂದದ. ಹೌದೋ ಅಲ್ಲೋ?"

"ಹೌದ್ರಿ."

"ಮತ್ತ ಆಕಿ ಅಣ್ಣ ನೀನ. ಹೋಗಿ ಕರ್ಕೊಂಡ ಬಾ."

ಒಳಗಿನಿಂದ ತಟ್ಟೆ ಬಂತು. ಅದರಲ್ಲಿ ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಹಸಿರು ಬಳೆ. ತಂಗಿಯನ್ನು ಕರೆಯಲು ಹೋಗುವವನ ಕೈಗೆ ಕೊಡುವುದು ಅವೇ. ಇವರು ನನ್ನ ಮುಖ ನೋಡಿದರು. ನಾನು ಬೇಡ ಎಂದು ತಲೆ ಅಲ್ಲಾಡಿಸಿದೆ. ಅವರು ಎರಡೂ ಕೈ ಒಡ್ಡಿ ತೆಗೆದುಕೊಂಡುಬಿಟ್ಟರು.

ಓದುವವರಿಗೆ ಇದು ನಗೆಯ ಮಾತು ಎನಿಸಬಹುದು. ನಮ್ಮ ಕಡೆ ಅದು ನಗೆಯಲ್ಲ. ಕರೆಯಲು ಹೋಗುತ್ತೇನೆ ಎಂದು ಖಣ ಹಿಡಿದವನು ಬರಿಗೈಯಲ್ಲಿ ಬಂದರೆ ಆ ಪಡಸಾಲೆಯನ್ನು ಮತ್ತೆ ಏರುವ ಹಾಗಿಲ್ಲ. ಆ ಪಡಸಾಲೆಗಳೇ ನಮ್ಮ ಅಂಗಡಿ.

"ಯಾಕ ಹಿಡದ್ರಿ?" ಎಂದು ಬಸ್ಸಿನಲ್ಲಿ ಕೇಳಿದೆ.

"ಯಾರರ ಹಿಡಿಬೇಕಲ್ಲ," ಎಂದರು.

ಸುದ್ದಿ ಬಳೆಯ ಬುಟ್ಟಿಗಳಲ್ಲಿ ಓಡಿತು. ವಜೀರುನ್ನಿಸಾ ಸರಸಂಬಾದಿಂದ ಒಂದು ಗಂಟು ಖಣ ತಂದಳು. ಬೇರೆ ಹಳ್ಳಿಗಳಿಂದಲೂ ಬಂದವು. ನಮ್ಮ ಮನೆಯಲ್ಲಿ ಕಾಲಿಡಲು ಜಾಗವಿಲ್ಲದ ಹಾಗೆ ಕೊಬ್ಬರಿ. ಬಸವಂತರಾಯನಿಗೂ ಮುಟ್ಟಿತು. ಬಂದು ನೋಡಿ ಹಣೆ ಹಣೆ ಬಡಿದುಕೊಂಡ.

"ಲೇ ತಮ್ಮಾ, ಇಷ್ಟ ದಿನ ಕಾಗದ ಮಾರತಿದ್ದಿ. ಈಗ ಕಾಗದಕ್ಕ ಅಣ್ಣ ಆದ್ಯಾ? ಇದೆಲ್ಲಾ ಬಿಡು, ಊರಿಗಿ ಬಾ. ಹೊಲ ಅದ."

"ಪಂಚಮಿ ಆಗಲಿ ಅಣ್ಣಾ. ಆಕಿ ಬರದಿದ್ರ ನಾ ಊರಿಗಿ ಬರ್ತೇನಿ," ಎಂದರು ಇವರು.

ಹಾಗೆ ಮಾತು ಕೊಟ್ಟರು. ಹಗ್ಗ ಬಿಟ್ಟು ಹೊಲಕ್ಕೆ ಹೋದರೆ ಅವರು ಬಹಳ ದಿನ ಉಳಿಯುವವರಲ್ಲ ಎಂದು ನನಗೆ ಗೊತ್ತಿತ್ತು.

ಮೊದಲು ಗುಲಬರ್ಗಾಕ್ಕೆ ಹೋದರು. ಹುಸೇನಪೀರ ಗಂಟು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕನಂತೆ. ಆಮೇಲೆ ಹೇಳಿದನಂತೆ, "ಚಂದ್ರಾಮಪ್ಪ, ಪುಸ್ತಕ ಹಾಕಾವ ನಾ ಅಲ್ಲಪಾ. ಬ್ಯಾರೆ ಜಿಲ್ಲಾದಿಂದ ಈಕಿ ಕಟ್ಟು ಕಟ್ಟು ವಾಪಸ್ ಬರಾಕತ್ತಾಳ. ನಿಂದು ಮೂರ ತಾಲೂಕದ ಮಾತು. ನೀನ ಹುಬ್ಬಳ್ಳಿಗಿ ಹೋಗು. ಬೀಗರ ಮನಿ ಅಲ್ಲೇ ಅದ."

ಇವರು ಅದನ್ನು ಹಾಸ್ಯ ಎಂದು ತಿಳಿಯಲಿಲ್ಲ. ಲಗ್ನದಲ್ಲಿ ಸುತ್ತಿದ್ದ ರುಮಾಲು ತೆಗೆಸಿದರು. ಗಂಟು ಹೊತ್ತು ಬಿಜಾಪುರದ ಬಸ್ಸು ಹತ್ತಿ, ಅಲ್ಲಿಂದ ಹುಬ್ಬಳ್ಳಿಗೆ ಹೋದರು. ತಂಗಿಯನ್ನು ಕರೆಯಲು ಹೋಗುವವರು ಹೋದ ಹಾಗೆಯೇ.

ಅಲ್ಲಿ ಆದದ್ದನ್ನು ಅವರು ಬಹಳ ದಿನದ ಮೇಲೆ ತುಂಡು ತುಂಡಾಗಿ ಹೇಳಿದರು. ಛಾಪಖಾನೆಯ ಮಾಲೀಕ ಕೆಟ್ಟವನಲ್ಲ. ಕೂಡಿಸಿ ಮಾತಾಡಿಸಿದ. ಏನು ಬೇಕು ಎಂದು ಕೇಳಿದ. ಇವರು, "ನಮ್ಮ ಹುಡುಗಿನ್ನ ಪಂಚಮಿಗಿ ಕರಿಯಾಕ ಬಂದೇನಿ" ಎಂದರು. ಮಾಲೀಕ ಒಳಗಿನ ಕೋಣೆಯ ಬಾಗಿಲು ತೆರೆದು ತೋರಿಸಿದ. ವಾಪಸು ಬಂದ ಸಿಡಿಲಕ್ಕನ ಕಟ್ಟುಗಳು ಜಂತಿಯ ತನಕ.

"ನೋಡ್ರಿ. ಇಷ್ಟು ಹೊರಿ ಹೊತ್ತು ನಾ ಹ್ಯಾಂಗ ಹಾಕ್ಲಿ? ನನಗೇನ ಆಕಿ ಮ್ಯಾಲ ಸಿಟ್ಟಿಲ್ಲ."

"ಅವೆಲ್ಲಾ ಬಸ್ ಸ್ಟ್ಯಾಂಡಿನಾಗ ನೇತ ಹಾಕಿದ್ದವ್ರಿ. ಬಳಿಗಾರ್ತ್ಯಾರ ಕೈಯಾಗ ಕೊಡ್ರಿ."

"ಪುಸ್ತಕ ಬಳಿ ಅಲ್ಲ ಯಜಮಾನ್ರ."

ಊಟದ ಹೊತ್ತಾಯಿತು. ಮಾಲೀಕ ತಟ್ಟೆ ಹಾಕಿಸಿದ. ಇವರು ಮುಟ್ಟಲಿಲ್ಲ. ಕರೆಯಲು ಹೋದವನು ಆ ಮನೆಯವರು 'ಹೂಂ, ಕಳಿಸುತ್ತೇವೆ' ಎನ್ನುವ ತನಕ ಅಲ್ಲಿ ಏನೂ ಬಾಯಿಗೆ ಹಾಕಿಕೊಳ್ಳುವುದಿಲ್ಲ. ಹಾಗೇ ಕಟ್ಟೆಯ ಮೇಲೆ ಕೂತರು. ಸಂಜೆ ಯಂತ್ರಗಳು ನಿಂತವು. ಮಾಲೀಕ ಹೂಂ ಅನ್ನಲಿಲ್ಲ. ಕೈ ಮುಗಿದು ಬಾಗಿಲು ಹಾಕಿಕೊಂಡ.

ಚಿತ್ರ ತೆಗೆಯುವ ಮುದುಕನೊಬ್ಬ ಕೊನೆಗೆ ಹೊರಗೆ ಬಂದನಂತೆ. ಬೆರಳ ತುಂಬ ಶಾಯಿ. "ಗಂಟು ಒಯ್ರಿ, ಇಲ್ಲೇ ಬಿಟ್ಟೀರಿ" ಎಂದನಂತೆ.

"ಆಕಿಗಂತ ಕೊಟ್ಟ ಖಣ. ವಾಪಸ್ ಒಯ್ಯಾಕ ಬರೂದಿಲ್ರಿ," ಎಂದು ಇವರು ಬಸ್ಸಿಗೆ ನಡೆದರು.

ಮನೆಗೆ ಬಂದರು. ಕೈ ಬರಿದು. ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದರು. ಉಣ್ಣಿ ಎಂದೆ.

"ಆಕಿ ಬರಲಿಲ್ಲ."

"ನೀವು ಉಣ್ಣಾಕ ಆಕಿ ಯಾಕ ಬರಬೇಕು? ಉಣ್ಣರಿ."

ಉಂಡರು. ಉಂಡದ್ದು ಗೊತ್ತಾಗದ ಹಾಗೆ ಉಂಡರು.

ಆಮೇಲೆ ಅಫಜಲಪುರದ ಸಂತೆಗೂ ಹೋಗಲಿಲ್ಲ, ಆಳಂದಕ್ಕೂ ಹೋಗಲಿಲ್ಲ. ಜೇವರ್ಗಿಯಲ್ಲಿ ಹಗ್ಗ ಕಟ್ಟಿ ಅದರ ಕೆಳಗೆ ಕೂಡುವರು. ವಜೀರುನ್ನಿಸಾ ಬಸ್ಸಿಳಿದು ಬರುವುದು ಕಂಡರೆ ಚಹಾದಂಗಡಿಯ ಹಿಂದೆ ಹೋಗುವರು. ಅವಳು ಮನೆಗೇ ಬಂದಳು.

"ಭಾಭಿ, ಭಾಯಿ ಎಲ್ಲಿ? ಸರಸಂಬಾದವ್ರು ಕೇಳಾಕತ್ತಾರ."

"ಹೇಳು. ಬೀಗರು ಕಳಸಲಿಲ್ಲ ಅಂತ."

ಅವಳು ಬುಟ್ಟಿ ಎತ್ತಿಕೊಂಡಳು. "ನಾ ಹೇಳಂಗಿಲ್ಲ," ಎಂದಳು. "ಹಬ್ಬ ಇನ್ನಾ ಬಂದಿಲ್ಲ."

ಬಸವಂತರಾಯ ಎತ್ತಿನ ಗಾಡಿ ಯಾವಾಗ ಕಳಿಸಲಿ ಎಂದು ಹೇಳಿ ಕಳಿಸಿದ. ನಾನು ಪಾತ್ರೆ ಕಟ್ಟತೊಡಗಿದೆ.

ಹಬ್ಬದ ಹತ್ತಿರ ಗುಲಬರ್ಗಾದ ಬಸ್ಸಿನಲ್ಲಿ ಒಂದು ಕಟ್ಟು ಬಂತು. ಸಿಡಿಲರಾಯನೇ ಇರಬೇಕೆಂದು ಇವರು ಬಿಚ್ಚದೆ ಮನೆಗೆ ತಂದು ಮೂಲೆಗೆ ತಳ್ಳಿದರು. ದಾರ ಕತ್ತರಿಸಿದವಳು ನಾನು. ದಾರ ಬೇಕಾಗಿತ್ತು, ಪಾತ್ರೆ ಕಟ್ಟಲು.

ಬಿಳಿ ಕುದುರೆ. ಮೇಲೆ ಅವಳು.

ಬಾರುಕೋಲು ಕೈಯಲ್ಲಿತ್ತು. ತೊಟ್ಟಿದ್ದ ಕುಪ್ಪಸ ಅತನೂರಿನ ನಿಂಬೆವ್ವನ ಖಣದ್ದು. ಆ ನವಿಲುಗರಿ ಬಣ್ಣ, ಆ ಸಣ್ಣ ಚುಕ್ಕಿ, ಆ ಅಂಚು. ಮಡಿಸಿ ಗಂಟು ಕಟ್ಟಿದವಳು ನಾನು, ನನಗೆ ಗುರುತು ಸಿಗದೆ ಇರುತ್ತದೆಯೇ? ಕೈಯಲ್ಲಿ ಹಸಿರು ಬಳೆ. ಕುದುರೆಯ ಹಿಂದೆ ಕೊಬ್ಬರಿ ಬಟ್ಟಲು ಇಣುಕುತ್ತಿದ್ದ ಗಂಟು. ಮುಂದೆ ಲಗಾಮು ಹಿಡಿದು ಒಬ್ಬ ರುಮಾಲಿನ ಮನುಷ್ಯ ನಡೆಯುತ್ತಿದ್ದ. ಅವನ ಮೂಗು ಇವರದು. ಉದ್ದ, ತುದಿಯಲ್ಲಿ ಬಾಗಿದ್ದು. ಚಿತ್ರ ತೆಗೆಯುವ ಆ ಮುದುಕ ಕಟ್ಟೆಯ ಮೇಲೆ ಕೂತವರನ್ನು ಒಳಗಿನಿಂದ ನೋಡಿಯೇ ನೋಡಿದ್ದಾನೆ. ಮಾಲೀಕನನ್ನು ಅವನು ಹೇಗೆ ಒಪ್ಪಿಸಿದನೋ, ನಮಗೆ ಕೊನೆಗೂ ತಿಳಿಯಲಿಲ್ಲ.

ಮೇಲೆ ಬರೆದಿತ್ತು: 'ಸಿಡಿಲಕ್ಕ: ತವರಿನ ದಾರಿ. ಪಂಚಮಿ ವಿಶೇಷ.'

"ಬರ್ರಿ ಇಲ್ಲಿ," ಎಂದು ಕರೆದೆ. "ನಿಮ್ಮ ತಂಗಿ ಬಂದಾಳ."

ಅವರು ಬಂದು ನೋಡಿದರು. ನಗಲಿಲ್ಲ. ಜೀವಮಾನದಲ್ಲಿ ಅದೊಂದು ಸಲ ನಗಲಿಲ್ಲ. ಗೂಟದಿಂದ ರುಮಾಲು ತೆಗೆದು ಸುತ್ತಿಕೊಂಡು, ಮೊದಲ ಪುಸ್ತಕವನ್ನು ನನ್ನ ಮಡಿಲಲ್ಲಿ ಇಟ್ಟು, ಉಳಿದ ಕಟ್ಟು ಹೊತ್ತು ಅತನೂರಿಗೆ ಹೊರಟರು. ಓದುವುದು ಆಮೇಲೆ ಎಂದು ನಾನೂ ಹಿಂದೆ ಹೋದೆ.

ನಿಂಬೆವ್ವ ಪುಸ್ತಕವನ್ನು ಕಣ್ಣ ಹತ್ತಿರ ಹಿಡಿದು, ದೂರ ಹಿಡಿದು, ಕುಪ್ಪಸದ ಮೇಲೆ ಬೆರಳಾಡಿಸಿದಳು.

"ಬಂದಾಳ?"

"ಬಂದಾಳವ್ವಾ."

"ತ್ವಾಳ ಜರಾ ಬಿಗಿ ಆಗ್ಯಾದ. ಹೊಲಿಯಾಂವಗ ಹೇಳಬೇಕಿತ್ತು." ಆಮೇಲೆ, "ಎಷ್ಟ ದಿನಕ್ಕ ಕಳಸ್ತೇವಿ ಅಂತ ಹೇಳಿ ಬಂದಿ?"

"ಏನೂ ಹೇಳಿಲ್ರಿ."

"ಚೊಲೋ ಮಾಡ್ದಿ. ಅವ್ರ ಕರಿಯಾಕ ಬರಲಿ, ನೋಡೋಣು."

ಪಡಸಾಲೆಯಲ್ಲಿ ಎಲ್ಲರೂ ನಕ್ಕರು. ಶಿವಕಾಂತಾ ಜೋರಾಗಿ ಓದಿದಳು. ಅವಳ ದನಿ ಅಷ್ಟು ಎತ್ತರ ಇದೆ ಎಂದು ನಾನು ಅಂದುಕೊಂಡಿರಲಿಲ್ಲ. ಆ ಪಂಚಮಿಗೆ ಅವಳನ್ನು ಕರೆಯಲು ಅವಳ ತಮ್ಮ ಬಂದ. ನಿಂಬೆವ್ವ ಕಳಿಸಿದಳು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಕಳಿಸಿರಲಿಲ್ಲವಂತೆ.

ಆ ಪುಸ್ತಕ ನಮ್ಮ ಮೂರು ತಾಲೂಕಿನಲ್ಲಿ ಹಬ್ಬದ ಮೊದಲೇ ಮುಗಿಯಿತು. ಹುಸೇನಪೀರ ಇನ್ನೊಮ್ಮೆ ಛಾಪಿಸಿ ತರಿಸಿದ. ಹುಬ್ಬಳ್ಳಿಯ ಮಾಲೀಕ ಬೇರೆ ಜಿಲ್ಲೆಗಳಲ್ಲಿಯೂ ಬಳೆಯಂಗಡಿ, ಕುಂಕುಮದಂಗಡಿಗಳಲ್ಲಿ ಇಡಿಸಿದ. ಅಲ್ಲಿಯೂ ಓಡಿತು. ಸಿಡಿಲರಾಯ ಎರಡು ಮೂರು ತಿಂಗಳಲ್ಲಿ ನಿಂತ. ಅವಳು ಆಮೇಲೆಯೂ ವರ್ಷಗಟ್ಟಲೆ ಬಂದಳು. ಹುಲಿಮುಷ್ಟಿ ಹೋದ ಮೇಲೂ ಬಂದಳು. ಗಂಡನ ಮನೆಗೆ ಮಾತ್ರ ತಿರುಗಿ ಹೋಗಲಿಲ್ಲ. ಕಳಿಸುವ ಧೈರ್ಯ ಮಾಲೀಕನಿಗೂ ಬರಲಿಲ್ಲ. ಕೊನೆಗೆ ಮನೆಮನೆಗೆ ಟಿ.ವಿ. ಬಂದು ಎಲ್ಲ ಪುಸ್ತಕಗಳ ಹಾಗೆ ಅವಳೂ ಕಡಿಮೆಯಾದಳು. ಇವರು ಹಗ್ಗ ಬಿಚ್ಚಲಿಲ್ಲ. ಹೊಲಕ್ಕೂ ಹೋಗಲಿಲ್ಲ.

ಹೋದ ವರ್ಷ ಯುಗಾದಿ ಆದ ಮೇಲೆ, ಬೇವಿನ ಮರಕ್ಕೆ ಹಗ್ಗ ಕಟ್ಟುತ್ತಿದ್ದಾಗ ಎದೆ ಹಿಡಿದುಕೊಂಡು ಕೂತರಂತೆ. ನಾನು ಹೋಗುವಷ್ಟರಲ್ಲಿ ಆಗಿಹೋಗಿತ್ತು. ಹಗ್ಗದ ಒಂದು ತುದಿ ಕಟ್ಟಿತ್ತು, ಇನ್ನೊಂದು ಕೈಯಲ್ಲಿತ್ತು. ಬಸವಂತರಾಯ ಅದನ್ನು ಬಿಡಿಸಿ, ಕೂಸಿನ ಹಾಗೆ ಅತ್ತ.

ಇದ್ದಾಗ ಉಪ್ಪು ಮರೆತರು ಎಂದು ಬೈಯುತ್ತಿದ್ದೆ. ಈಗ ಉಪ್ಪು ನಾನೇ ತರುತ್ತೇನೆ. ಮರೆಯುವುದಿಲ್ಲ. ಅದೇ ಕಷ್ಟ.

ಅವರು ಹೋದ ಮೇಲೆ ಮೊದಲ ಪಂಚಮಿ ಬಂತು. ಓಣಿ ಖಾಲಿಯಾಯಿತು. ನಾನು ಬಾಗಿಲು ಮುಂದೆ ಮಾಡಿಕೊಂಡು ಕೂತಿದ್ದೆ. ಯಾರೋ ದೂಡಿದರು. ವಜೀರುನ್ನಿಸಾ. ಕೂದಲು ಬೆಳ್ಳಗಾಗಿತ್ತು. ಬಳೆಯ ಬುಟ್ಟಿ ತಂದಿರಲಿಲ್ಲ. ಕೈಯಲ್ಲಿ ಒಂದು ತಟ್ಟೆ. ಅದರಲ್ಲಿ ಬಿಳಿಯ ಚುಕ್ಕಿಯ ಖಣ, ಕೊಬ್ಬರಿ ಬಟ್ಟಲು.

"ಕೂಡು. ಚಹಾ ಮಾಡ್ತೇನಿ," ಎಂದೆ.

ಮಾಡಿ ತಂದು ಮುಂದಿಟ್ಟೆ. ಅವಳು ಮುಟ್ಟಲಿಲ್ಲ.

"ಯಾಕ? ಆರಾಕತ್ತದ."

"ಆರಲಿ ಭಾಭಿ. ನಿಂಬೆವ್ವಗ ಏಳಾಕ ಆಗವಲ್ದು. ಶಿವಕಾಂತಾ ಗಾಡಿ ಕಟ್ಟಿಸಿ ಕಳಿಸ್ಯಾಳ. ನಮ್ಮ ಹುಡುಗಿನ್ನ ಕರಿಯಾಕ ಭಾಯಿ ಹೋಗಿದ್ರು. ಭಾಯಿ ಹೆಂಡ್ತಿ ಪಂಚಮಿಗಿ ಒಬ್ಬಾಕಿ ಕೂಡೂದು ಬ್ಯಾಡಂತ. ಕರಿಯಾಕ ಬಂದೇನಿ."

ಹೊರಗೆ ಎತ್ತಿನ ಕೊರಳ ಗಂಟೆ ಅಲ್ಲಾಡುತ್ತಿತ್ತು. ಗೂಟದ ಮೇಲೆ ಅವರ ರುಮಾಲು ಇತ್ತು. ಅವಳು ಕಾಯುತ್ತಿದ್ದಳು. ಚಹಾದ ಮೇಲೆ ಕೆನೆ ಕಟ್ಟಿತು.

"ಹೂಂ," ಎಂದೆ.

ಅವಳು ಬಟ್ಟಲು ಎತ್ತಿ ಚಹಾ ಕುಡಿದಳು.